ಪಟ್ಟಿಯ ಮೇಲಿನ ಗೆರೆ

ರುಸ್ತಾವಿಯ ಬಯಲಲ್ಲಿ ಕಾರುಗಳ ಸಂತೆ.
ಸಾಲು ಸಾಲು ಬಾನೆಟ್ಟು ಬಾಯ್ದೆರೆದು ನಿಂತಿವೆ,
ಹಲ್ಲು ನೋಡಿ ಎತ್ತು ಕೊಳ್ಳುವವರ ಮುಂದೆ ನಿಂತ ಹಾಗೆ.
ನನ್ನ ಚೀಲದಲ್ಲಿ ಒಂಬತ್ತು ಸಾವಿರ ಲಾರಿ.
ನಮ್ಮ ದುಡ್ಡಿನ ಹೆಸರೇ ಅದು. ಗಾಲಿಯಿಲ್ಲ,
ಕೈಬಿಟ್ಟು ಓಡುವುದರಲ್ಲಿ ಮಾತ್ರ ಎಲ್ಲ ಗಾಡಿಗಿಂತ ಮುಂದೆ.

ಜೊತೆಗೆ ಮುರ್ಮಾನ್ ಮಾವ.
ಮೂವತ್ತು ವರ್ಷ ಮಾರ್ಷ್ರುತ್ಕಾ ವ್ಯಾನು ಓಡಿಸಿದವ,
ಅಭಿಪ್ರಾಯಕ್ಕೆ ಬರವಿಲ್ಲ:
ಡೀಸೆಲ್ಲಿಗೆ ಆಯುಸ್ಸು ಜಾಸ್ತಿ, ಜರ್ಮನಿಯದಕ್ಕೆ ಖರ್ಚು ಜಾಸ್ತಿ,
ಕೆಂಪು ಕಾರಿನವರು ಹಾರನ್ನಿನ ಮೇಲೇ ಮಲಗುತ್ತಾರೆ,
ಬಲಗಡೆ ಸ್ಟೀರಿಂಗಿನ ಜಪಾನಿ ಅಗ್ಗ, ನಿಜ,
ಆದರೆ ಓವರ್‌ಟೇಕ್ ಮಾಡುವಾಗ ಎದುರಿಗೇನು ಬರುತ್ತಿದೆ ಅಂತ
ಪಕ್ಕದಲ್ಲಿ ಕೂತವರು ಹೇಳಬೇಕು.
"ನಿನಗೆ ಗಂಡನೂ ಇಲ್ಲ ಎತೇರಿ, ಯಾರು ಹೇಳುತ್ತಾರೆ?"

ಕರವಸ್ತ್ರದಲ್ಲಿ ಸುತ್ತಿದ ಆಯಸ್ಕಾಂತ ತೆಗೆದು
ಬಾಗಿಲು ಬಾಗಿಲಿಗೂ ಒತ್ತುತ್ತಾನೆ.
ಹಿಡಿದರೆ ತಗಡು, ಜಾರಿದರೆ ಪುಟ್ಟಿ.
"ಪೌಡರ್ ಬಳಿದ ಗಾಯ" ಎಂದು ಮುಂದಕ್ಕೆ ನಡೆಯುತ್ತಾನೆ.

ಆ ಬೆಳ್ಳಗಿನದು ನನಗೆ ಹಿಡಿಸಿತು.
ಅಮೆರಿಕದಿಂದ ಹಡಗೇರಿ ಪೋತಿಯಲ್ಲಿ ಇಳಿದದ್ದು.
ಮಾರುವ ಹುಡುಗ ವಾಖೋ, ಕಿವಿಗೆ ಸಿಗರೇಟು ಸಿಕ್ಕಿಸಿದವ,
"ಮುದುಕಿಯೊಬ್ಬಳು ಭಾನುವಾರ ಮಾತ್ರ ಓಡಿಸಿದ್ದು" ಅಂದ.
"ಅಲ್ಲಿಯ ಮುದುಕಿಯರೆಲ್ಲ ಕಾರನ್ನು
ನಿನ್ನ ಹೆಸರಿಗೇ ಬರೆದಿಟ್ಟು ಸಾಯುತ್ತಾರೇನೋ?"
ಮಾವ ಗೊಣಗಿದ. ಆಯಸ್ಕಾಂತ ಎಲ್ಲೂ ಜಾರಲಿಲ್ಲ.
ಎಂಜಿನ್ನು ಹಾಲು ಕುಡಿದ ಬೆಕ್ಕು.
ನಾನು ಚೀಲದ ಜಿಪ್ ಎಳೆದೂ ಆಗಿತ್ತು.

ಆಗ ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದ,
ನಿಧಾನಕ್ಕೆ, ಬಾವಿಯಿಂದ ಹಗ್ಗ ಸೇದುವ ಹಾಗೆ.
ಭುಜದ ಹತ್ತಿರ ಒಂದು ಗೆರೆ. ಅಡ್ಡಕ್ಕೆ, ಹೊಳೆಯುತ್ತ,
ನೂಲು ಕರಗಿ ಗಟ್ಟಿಯಾದ ಎರಡು ಬೆರಳಗಲ.
ಹೆಬ್ಬೆರಳಿಂದ ಸವರಿ ಸುಮ್ಮನಾದ.
"ಇದು ಒಬ್ಬರನ್ನು ಹಿಡಿದಿದೆ" ಅಂದ.
"ಸರಿಯಾಗೇ ಹಿಡಿದಿದೆ. ಒಂದೇ ಸಲ ಹಿಡಿಯುವುದು ಇದು."

ಪಕ್ಕದ ಸೀಟಿನದನ್ನು ಎಳೆದ.
ಕಾರ್ಖಾನೆಯ ಮಡಿಕೆಯೂ ಬಿಟ್ಟಿರಲಿಲ್ಲ.
ಮುಂದಿನ ಗಾಜು ಮಾತ್ರ ಹೊಸದು,
ಮೂಲೆಯಲ್ಲಿ ಕಾರಿಗಿಂತ ಐದು ವರ್ಷ ಕಿರಿಯ ಇಸವಿ.

ವಾಖೋ ಕಿವಿಯ ಸಿಗರೇಟು ತೆಗೆದು ಹಚ್ಚಿದ.
ಐನೂರು ಇಳಿಸುತ್ತೇನೆ ಅಂದ.
ನಾನು ಜಿಪ್ ಮುಚ್ಚಿದೆ.

ಸಂಜೆಗೆ ಕೊಂಡದ್ದು ಬೂದುಬಣ್ಣದ ಹಳೇ ಒಪೆಲ್.
ಬಾಗಿಲ ಮೇಲೊಂದು ಗೀರು. ಯಾವ ಗೇಟಿಗೆ ತಗುಲಿದ್ದೆಂದು
ಒಡತಿಯೇ ಹೇಳಿದಳು, ಗಂಡನ ಕಡೆ ಬೆರಳು ಮಾಡಿ.
ಹೀಟರಿಗೆ ಒಂದೇ ನಂಬರು ಗೊತ್ತು.
ಐದೂ ಪಟ್ಟಿಗಳನ್ನು ಈ ಸಲ ನಾನೇ ಎಳೆದು ನೋಡಿದೆ.
ಮಾಸಿವೆ, ನಾಯಿಕೂದಲು ಅಂಟಿದೆ, ಗೆರೆಯಿಲ್ಲ.

ಗೊಂಬೋರಿ ಘಾಟಿಯ ಬುಡದಲ್ಲಿ ಮಂಜು.
ಮಾವ ಪಕ್ಕದಲ್ಲಿ. ಕೀಂ ಕೀಂ ಅಂತ ಕಾರು ಗೋಗರೆಯಿತು.
ಜೇಬಿನಿಂದ ಅವನದೊಂದು ಕಬ್ಬಿಣದ ನಾಲಗೆ ಬಂತು,
ಪಟ್ಟಿಯೇ ಇಲ್ಲದ್ದು, ಬರೀ ಬಾಯಿ ಮುಚ್ಚಿಸಲಿಕ್ಕೆ.
ಚರ್ಚು ಕಂಡಲ್ಲೆಲ್ಲ ಮೂರು ಸಲ ಶಿಲುಬೆ ಗೀಚಿಕೊಳ್ಳುವವ,
ಎದೆಯ ಮೇಲೆ ಅಷ್ಟು ಗೆರೆಯಿರುವಾಗ
ಇನ್ನೊಂದು ಯಾಕೆ ಎನ್ನುತ್ತಿದ್ದ.

ನಾನು ಬದಿಗೆ ನಿಲ್ಲಿಸಿ ಕೀಲಿ ತಿರುಗಿಸಿದೆ.
ಬೈಯಲಿಲ್ಲ, ಕೇಳಿಕೊಳ್ಳಲೂ ಇಲ್ಲ.
ವೈಪರ್ ಅರ್ಧಕ್ಕೆ ನಿಂತಿತ್ತು.
ಅವನು ಮುಂದಿನ ಗಾಜು ನೋಡಿದ,
ಮೂಲೆಗೆ ಬಗ್ಗಿ ಇಸವಿ ಓದಿದ. ಕಾರಿನದೇ ವಯಸ್ಸು.
ನಾಲಗೆಯನ್ನು ಜೇಬಿಗಿಟ್ಟ.

ಟಕ್.

"ಮೂರನೇ ಗೇರಿನಲ್ಲೇ ಹತ್ತು" ಅಂದ ಆಮೇಲೆ,
"ಮಂಜಿನಲ್ಲಿ ದೊಡ್ಡ ಲೈಟು ಹಾಕಬೇಡ, ಗೋಡೆಯಾಗುತ್ತದೆ.
ಹಿಂದೆ ಕೆಂಪು ಕಾರು ಬಂತು ನೋಡು.
ಹೋಗಲಿ ಬಿಡು ಅವನು."