ತೆಗೆದುಕೊಡಲಾಗುವುದು

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ಆರಡಿ ಅಂಗಡಿ.
ಒಡೆದ ಗಾಜು, ಊದಿದ ಬ್ಯಾಟರಿ,
ಗದ್ದೆಯ ಕೆಸರು ಕುಡಿದು ಮೂಕಾದ ಸ್ಪೀಕರು,
ಇವೇ ನನ್ನ ದಿನದ ರೋಗಿಗಳು.

ಆವತ್ತು ಸಾಕಮ್ಮ ಬಂದಳು, ಸೆರಗಿನ ಗಂಟಿನಲ್ಲಿ ಫೋನು.
"ಮಳೆ ಬತ್ತದಾ ಅಂತ ನೋಡಾಕೋದ್ರೆ
ಅದ್ಯಾವನೋ ಅಡ್ಡ ನಿಂತು ಮಂಡಿನೋವಿನ ಎಣ್ಣೆ ತೋರಿಸ್ದ ಕನಪ್ಪ.
ಮುಚ್ಚಾನ ಅಂತ ಇಂಟು ಗುರುತು ಒತ್ತಿದೆ.
ಎಣ್ಣೆ ಮನೆಗೇ ಬಂತು."
ಸಾವಿರದ ಒಂಬೈನೂರು. ಮೂಸಿ ನೋಡಿದೆ:
ಕೊಬ್ಬರಿ ಎಣ್ಣೆ, ಚೂರು ಕರ್ಪೂರ.

ಅವಳ ಫೋನಿಗೊಂದು ತಡೆ ಹಾಕಿದೆ.
ಪುಟ ತೆರೆದರೆ ಮೌನ, ಗುಡಿಸಿ ನೀರು ಹಾಕಿದ ಅಂಗಳ.
"ಅಯ್, ಎಷ್ಟೊಂದು ಜಾಗ ಇತ್ತಲ್ಲ ಇಲ್ಲಿ!" ಅಂದಳು.

ಬೀದಿಗೆ ಗೊತ್ತಾಯಿತು. ಫೋನಿಗೆ ಇಪ್ಪತ್ತು ರೂಪಾಯಿ.
ಪೇಂಟರ್ ದಸ್ತಗೀರನಿಂದ ಬೋರ್ಡು ಬರೆಸಿದೆ,
ಹಳದಿಯ ಮೇಲೆ ಕೆಂಪು:
ಇಲ್ಲಿ ಜಾಹೀರಾತು ತೆಗೆದುಕೊಡಲಾಗುವುದು.
ಏಣಿ ಇಳಿದು, ಕುಂಚ ಒರೆಸಿಕೊಂಡು,
"ಅಣ್ಣ, ಮತ್ತೆ ಇದೇನು?" ಅಂದ.
ದುಡ್ಡು ಎಣಿಸುತ್ತಿದ್ದೆ. ಕೇಳಿಸದವನಂತಿದ್ದೆ.

ನನ್ನ ಕಡೆಯೂ ನ್ಯಾಯವಿತ್ತು.
ಫೋನು ಅವರದು, ಕರೆನ್ಸಿ ಅವರದು, ಕಣ್ಣು ಅವರದು.
ಕರೆಯದೆ ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಲು
ಯಾರ ಅಪ್ಪಣೆ ಬೇಕು? ಅದೂ ಅವನು ಬರಿದೇ ಬರುವವನಲ್ಲ,
ಏನು ತಿಂದೆ, ಎಲ್ಲಿ ಕೂತೆ, ಯಾವ ರಾತ್ರಿ ನಿದ್ದೆಗೆಟ್ಟೆ
ಎಲ್ಲ ಬರೆದುಕೊಂಡು ಹೋಗುವವನು.

ಶಿವನಂಜು 'ನಾಲೆ ಸುದ್ದಿ' ಎಂಬ ಪುಟ ನಡೆಸುತ್ತಾನೆ.
ವಿ.ಸಿ. ನಾಲೆಗೆ ಯಾವತ್ತು ನೀರು, ಯಾವ ಕವಲಿಗೆ ಯಾವ ಸರದಿ,
ಬೆಲ್ಲದ ಮಂಡಿಯ ಇವತ್ತಿನ ಧಾರಣೆ,
ಯಾವ ಊರಿಗೆ ನಡುರಾತ್ರಿಯ ಕರೆಂಟು.
ಬೈಕಿನಲ್ಲಿ ಹೋಗಿ, ತೂಬಿನ ಮುಂದೆ ನಿಂತು ಬರೆಯುತ್ತಾನೆ.
ಓದಲು ಕಾಸಿಲ್ಲ. ನಾನೂ ಓದುತ್ತೇನೆ.
ಅವನು ಒಡೆದ ಫೋನು ತಂದ.
"ಈ ಸಲ ಸಾಲ ಕನಣ್ಣ. ಓದೋರು ಅಷ್ಟೇ ಅವ್ರೆ,
ದುಡ್ಡು ಮಾತ್ರ ಇಳೀತಾ ಅದೆ. ಯಾಕೋ ಗೊತ್ತಾಯ್ತಿಲ್ಲ."
ತಲೆಯ ಮೇಲೆ ನನ್ನ ಬೋರ್ಡು ಬಿಸಿಲಿಗೆ ಹೊಳೆಯುತ್ತಿತ್ತು.
ಜೇಬಿನಿಂದ ತನ್ನಪ್ಪನ ಫೋನನ್ನೂ ತೆಗೆದ:
"ಇದ್ಕೂ ವಸಿ ಅದನ್ನ ಹಾಕ್ಕೊಡು. ಮುದುಕ ಕಂಡಿದ್ದೆಲ್ಲ ಒತ್ಬುಡ್ತದೆ."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು
ವರ್ಷಗಟ್ಟಲೆ ಪೇಪರು ಓದಿದ್ದೇನೆ, ಟೀ ಹೇಳದೆ.
ಮಾಲೀಕ ಒಂದು ದಿನವೂ ಏಳು ಅನ್ನಲಿಲ್ಲ.
ಟೇಬಲ್ಲು ಒರೆಸುತ್ತಿದ್ದ.
ಒರೆಸಿದ್ದನ್ನೇ ಒರೆಸುತ್ತಿದ್ದ.

ಶಿವನಂಜುವಿಗೆ ಹೇಳಿಬಿಟ್ಟೆ. ಹೇಳದೆ ಗಾಜು ಕೂರಿಸಲು ಕೈ ಬರಲಿಲ್ಲ.
ಬೈಯಲಿಲ್ಲ, ನಗಲೂ ಇಲ್ಲ.
"ಮೇಲ್ಗದ್ದೆಯವ್ನು ತೂಬು ತಿರುವಿದ್ರೆ
ಕೊನೇ ಗದ್ದೆಗೆ ಕಾರಣ ತಿಳಿಯಾಕಿಲ್ಲ, ಬುಡು" ಅಂದ.
ಅಪ್ಪನ ಫೋನು ಮಾತ್ರ ವಾಪಸು ಕೇಳಲಿಲ್ಲ.

ಅಲ್ಲಿಂದ ಮುಂದೆ ಕೈಗೆ ಸಿಕ್ಕ ಫೋನುಗಳಲ್ಲೆಲ್ಲ
ನಾಲೆ ಸುದ್ದಿಗೊಂದು ಕಿಂಡಿ ಬಿಟ್ಟೆ.
ಸಾಕಮ್ಮನದರಲ್ಲೂ. ನೆಮ್ಮದಿಯಾಗಿ ಮಲಗಿದೆ.
ಮೂರನೆಯ ದಿನ ಆ ಕಿಂಡಿಯಲ್ಲಿ ಹರಿದು ಬಂದದ್ದು
ಅದೇ ಎಣ್ಣೆ. ಅದೇ ಸೀಸೆ.
ಈಗ ಎರಡಕ್ಕೆ ಒಂದು ಉಚಿತ.

ಸಾಕಮ್ಮ ಫೋನು ತಂದು ಮುಂದಿಟ್ಟಳು. ಕಥೆ ಪೂರ್ತಿ ಹೇಳಿದೆ.
"ಮುಚ್ಚುವಾಗ ನನ್ನ ಕೇಳ್ದೆ. ತೆಗಿಯುವಾಗ ಯಾಕೆ ಕೇಳ್ನಿಲ್ಲ?"
ಸ್ಕ್ರೂಡ್ರೈವರು ಹುಡುಕತೊಡಗಿದೆ.
"ನೋಡಿದ್ರೆ ಆ ಹುಡ್ಗುನ್ಗೆ ಎಷ್ಟು ಸಿಕ್ತದೆ?"
"ಪೈಸೆ. ಅಷ್ಟೂ ಇಲ್ಲ."
"ಒತ್ಬಾರ್ದು?"
"ಒತ್ಬೇಡ."

ಕನ್ನಡಕ ಸರಿಮಾಡಿಕೊಂಡು, ಫೋನನ್ನು ಮುಖಕ್ಕೆ ಹಿಡಿದು,
ಹೆಣ್ಣು ನೋಡಲು ಬಂದವರ ಹಾಗೆ ನಿಧಾನವಾಗಿ ನೋಡಿದಳು
ಸೀಸೆ, ಮುಚ್ಚಳ, ನಗುವ ಬಿಳಿಗಡ್ಡದವನನ್ನು.
"ಸಾಕಾ? ಇನ್ನೊಂದ್ಸಲ ನೋಡ್ಲಾ?"

ಎದ್ದು ಹೊರಡುವಾಗ ಗೋಡೆ ಹಿಡಿದಳು.
"ಮಂಡಿ ಹಂಗೇ ನೋಯ್ತಾ ಅದೆ ಕನಪ್ಪ."