ಹಿಗ್ಗು: ಸೊನ್ನೆ

ವೆಸ್ಟ್‌ಮನ್ನಾ ಬಂದರಿನ ಹಗ್ಗದ ಕೋಣೆಯಲ್ಲಿ
ಮಂಗಳವಾರ ನಾಲ್ಕು ಹಗ್ಗ ಜಗ್ಗಿದೆವು.
ನಾಲ್ಕೂ ಹರಿದವು. ಹರಿಯಲೆಂದೇ ಜಗ್ಗುವುದು,
ಅದರಲ್ಲೇನೂ ತಪ್ಪಿಲ್ಲ.
ತಪ್ಪು ಪರದೆಯ ಮೇಲಿತ್ತು.
ಹಿಗ್ಗು, ಸೊನ್ನೆ. ಹಿಗ್ಗು, ಸೊನ್ನೆ. ಹಿಗ್ಗು, ಸೊನ್ನೆ.
ನಾಲ್ಕನೆಯದಕ್ಕೆ ಮಾತ್ರ, ಯಾಕೋ, ಒಂದು.

ಸುನ್ವಾ ತುಂಡನ್ನು ಮೂಗಿಗೆ ಹಿಡಿದು
ಸೀದ ವಾಸನೆ ನೋಡಿದಳು.
"ಹಿಗ್ಗದೆ ಹರಿಯುವ ಹಗ್ಗ ನಾನು ಕಂಡಿಲ್ಲ, ಬೈನಿರ್.
ಮೊದಲು ನರಳುತ್ತೆ. ನಿನ್ನ ಯಂತ್ರ ಕಿವುಡೇ?"

ಕಿವುಡಲ್ಲ. ಕೂದಲೆಳೆಯಷ್ಟು ಎಳೆದರೂ ಅದಕ್ಕೆ ಕೇಳುತ್ತಿತ್ತು.
ಅಲ್ಲಿಂದ ಹೊರಟ ಕಿತ್ತಳೆ ಬಣ್ಣದ ತಂತಿ
ಪರದೆಯ ಉದ್ದಕ್ಕೂ ಒಂದು ಹನಿ ಚೆಲ್ಲದೆ
ನನ್ನ ಹನ್ನೊಂದು ಸಾಲಿನ ಚೌಕಟ್ಟಿಗೆ ತಂದು ಸುರಿಯುತ್ತಿತ್ತು.
ಚಿತ್ರಗಳ ಊರಿನಲ್ಲಿ ಅಕ್ಷರದ್ದು ಅದೊಂದೇ ಮನೆ.
ಒಳಗಿರುವಷ್ಟು ಹೊತ್ತು 'ಉದ್ದ' ಬರೀ ಉದ್ದ,
ನೀನು ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ.
ಹೊಸ್ತಿಲಲ್ಲಿ ಕೇಳುತ್ತಾರೆ:
ಪೂರ್ಣಾಂಕವೋ, ದಶಾಂಶವೋ,
ಹೌದು-ಅಲ್ಲವೋ, ಬರೀ ಮಾತೋ?

ನಾನು ಉತ್ತರ ಕೊಟ್ಟಿರಲಿಲ್ಲ.
ಕೇಳಿದ್ದೂ ನೆನಪಿಲ್ಲ.
ಹೊರಗೆ ಹೊರಟದ್ದು ನೀಲಿ ತಂತಿ,
ಇಡಿಯದನ್ನಷ್ಟೇ ಹೊರಬಲ್ಲ ತಂತಿ.
ಕಾಲು, ಅರೆಕಾಲು, ವೀಸ
ಬಾಗಿಲ ಬಳಿ ಬಿಟ್ಟ ಒದ್ದೆ ಬೂಟುಗಳ ಹಾಗೆ
ಒಳಗೇ ಉಳಿದವು.

ಹೆಸರಿನ ಮೇಲೆ ಬಲಗುಂಡಿ ಒತ್ತಿದೆ.
ಪಟ್ಟಿ ಇಳಿಯಿತು. ಆರಿಸಿದೆ.
ನೀಲಿ ತಂತಿ ಸದ್ದಿಲ್ಲದೆ ಕಿತ್ತಳೆಯಾಯಿತು,
ಅಷ್ಟೇ ಕೆಲಸ, ಚಹಾ ಆರುವಷ್ಟೂ ಹೊತ್ತಲ್ಲ.
ಐದನೆಯ ಹಗ್ಗ ಜಗ್ಗಿದೆವು:
ಸೊನ್ನೆ ಬಿಂದು ನಾಲ್ಕು ಮೂರು.
ಸುನ್ವಾ ತಲೆ ಆಡಿಸಿದಳು. ಹೊಗಳಲಿಲ್ಲ.
"ಫೆಬ್ರವರಿಯಿಂದ ಎಷ್ಟು ವರದಿ ಹೋಗಿವೆ?"

ಒಂಬತ್ತು. ಎಲ್ಲಕ್ಕೂ ನನ್ನ ಸಹಿ.
ಹಿಗ್ಗಿದ ಹಗ್ಗ ಹರಿದರೆ ಚಾಟಿ;
ಎಷ್ಟು ದೂರ ನಿಲ್ಲಬೇಕು ಎಂಬ ಗೆರೆಯನ್ನು
ಆ ಅಂಕಿ ನೋಡಿಯೇ ಡೆಕ್ಕಿನ ಮೇಲೆ ಎಳೆಯುವುದು.
ಸೊನ್ನೆ ಎಂದರೆ, ಇಲ್ಲೇ ನಿಲ್ಲು, ಪರವಾಗಿಲ್ಲ.

ಹಾನುಸನಿಗೆ ಫೋನು ಹಚ್ಚಿದೆ. ಗಾಳಿಯ ಸದ್ದು, ಮೋಟಾರಿನ ಸದ್ದು.
"ಹಗ್ಗ ಗಟ್ಟಿಯಿದೆ," ಅಂದೆ, "ಲೆಕ್ಕ ತಪ್ಪಿತ್ತು."
"ಎಷ್ಟು?"
"ಒಂದರೊಳಗೆ."
ನಕ್ಕ. "ಒಂದು ಏನು? ಇಂಚೋ?"
"ಮೀಟರು. ಹಗ್ಗದ ಪ್ರತಿ ಮೂರು ಮೀಟರಿಗೆ."

ನಗು ನಿಂತಿತು.
ಫೋನನ್ನು ಬಾಯಿಂದ ದೂರ ಹಿಡಿದು
ಯಾರನ್ನೋ ಕೂಗಿದ:
ಏಯ್, ಅಲ್ಲಿಂದ ಹಿಂದೆ ಸರಿ.