ಮೈನಸ್ ಆರೂವರೆ

ಸರ್ವಮಂಗಳಾ ಟೀಚರು ಅಂಗಡಿ ಮೆಟ್ಟಿಲೇರಿ
ಗಾಜಿನ ಕೌಂಟರಿನ ಮೇಲೆ ಇಟ್ಟದ್ದು
ಕನ್ನಡಕವಲ್ಲ.
ರಬ್ಬರಿನ ಅಂಚು, ಮೂಗಿಗೂ ಒಂದು ಮನೆ,
ಅಂಥದ್ದನ್ನು ಚಿಕ್ಕಮಗಳೂರಿನ ಎಂ.ಜಿ. ರೋಡಿನಲ್ಲಿ
ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಇದಕ್ಕೆ ನನ್ನ ಪವರ್ ಕೂರಿಸಿಕೊಡಯ್ಯ.
ಬಲಗಣ್ಣು ಮೈನಸ್ ಆರೂವರೆ, ಎಡದ್ದು ನಿನಗೇ ಗೊತ್ತು.
ಕದ್ಮತ್ ದ್ವೀಪಕ್ಕೆ ಹೊರಟಿದ್ದೇನೆ.
ನೀರೊಳಗೆ ನೋಡಬೇಕು."
ಈಜು ಬರುತ್ತಾ ಎಂದು ಇಲಿಯಾಸ್ ಕೇಳಿದ.
"ತೇಲಿದರೆ ಸಾಕಂತೆ."

ಏಳನೇ ಕ್ಲಾಸಿನಲ್ಲಿ ಇವರೇ ನಮಗೆ ಸಮುದ್ರ.
ಕರಿಹಲಗೆಯ ಎಡಮೂಲೆಯಲ್ಲಿ
ಗುಲಾಬಿ ಚಾಕ್‌ಪೀಸಿನಿಂದ ಹವಳ ಬರೆದು
ಇದು ಕಲ್ಲಲ್ಲ, ಗಿಡವಲ್ಲ, ಪ್ರಾಣಿ ಎಂದು
ಡಸ್ಟರಿನಿಂದ ಮೇಜು ಕುಟ್ಟಿದಾಗ
ಎದ್ದ ಬಿಳಿ ಹೊಗೆಗೆ
ಮುಂದಿನ ಬೆಂಚಿನವರು ಕೆಮ್ಮಿದ್ದೆವು.
ನಂಬಿರಲಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದೆವು.

ಲೆನ್ಸು ಬರಲು ಒಂಬತ್ತು ದಿನ.
ಅಂಚು ಉಜ್ಜಿ, ಅಂಟು ಒಣಗಿಸಿ,
ಟೀಚರಿಗೆ ತೊಡಿಸಿ ಗೋಡೆಯ ಅಕ್ಷರ ಓದಿಸಿದೆ.
ಮೂಗು ಮುಚ್ಚಿದ ದನಿಯಲ್ಲಿ ಕೊನೇ ಸಾಲನ್ನೂ ಓದಿದರು.
ಬೀದಿಯಲ್ಲಿ ಹೋಗುವವರು ನಿಂತು ನೋಡಿದರು,
ಇವರು ತಿರುಗಿ ಅವರನ್ನು ನೋಡಿದರು.
ಗಾಜಿನೊಳಗಿರುವವರು ಯಾರೆಂದು
ಆ ಕ್ಷಣ ಇತ್ಯರ್ಥವಾಗಲಿಲ್ಲ.

ತಿಂಗಳು ಬಿಟ್ಟು ಬಂದರು. ಕತ್ತಿನ ಹಿಂದೆ ಚರ್ಮ ಸುಲಿದಿತ್ತು.
ಏನು ಕಂಡಿರಿ ಎಂದರೆ
ಮೊದಲು ಹೇಳಿದ್ದು ಸದ್ದು:
"ಗಿಳಿಮೀನು ಹವಳ ಕಚ್ಚುವ ಸದ್ದು ಕಣೋ,
ಪಕ್ಕದ ಮನೆಯಲ್ಲಿ ಯಾರೋ ಚಕ್ಕುಲಿ ತಿಂದ ಹಾಗೆ.
ತಿಂದದ್ದು ಹಿಂದಿನಿಂದ ಮರಳಾಗಿ ಬೀಳುತ್ತದೆ.
ಅಲ್ಲಿನ ಬಿಳಿ ದಂಡೆಯಲ್ಲಿ ಬಹುಪಾಲು ಅದೇ.
ಅದರ ಮೇಲೇ ಕೂತು ನಾನು ಅವಲಕ್ಕಿ ತಿಂದೆ."

ಆಮೆಯ ಸಂಗತಿಗೆ ಬಂದಾಗ ತಡವರಿಸಿದರು.
"ಇಲ್ಲೇ ಇತ್ತು, ಈ ಕೌಂಟರಿನಷ್ಟು ಹತ್ತಿರ,
ಕಡಲಹುಲ್ಲು ಕೀಳುತ್ತಾ. ನಮ್ಮ ಲಕ್ಯಾದ ಎಮ್ಮೆಗಳಂತೆಯೇ
ಬೇಜಾರಿನಿಂದ ತಲೆಯೆತ್ತಿ ನೋಡಿತು.
ಮುಟ್ಟಬಾರದು ಅಂದಿದ್ದರು.
ಕೈ ತಾನಾಗಿಯೇ ಹೋಯಿತು.
ಎಟುಕಲಿಲ್ಲ.
ನಿನ್ನ ನಂಬರು ತಪ್ಪಾಗಿತ್ತೇನೋ?"

ನಂಬರು ಸರಿಯೇ ಟೀಚರ್. ನೀರಿನ ಗುಣ ಅದು.
ಇರುವುದಕ್ಕಿಂತ ಕಾಲುಪಾಲು ಹತ್ತಿರ ತೋರಿಸುತ್ತದೆ.
"ಓ, ಅದು ವಿಜ್ಞಾನದ ಮೇಷ್ಟ್ರ ಪೀರಿಯಡ್ಡು" ಎಂದು ನಕ್ಕರು.

ಆಮೇಲೆ, ಕೊಡೆಯ ಗುಂಡಿ ಹುಡುಕುತ್ತಾ:
"ಬಹಳ ಕಡೆ ಹವಳ ಬಿಳಿಚಿಕೊಂಡಿತ್ತು.
ಚಾಕ್‌ಪೀಸಿನಷ್ಟೇ ಬಿಳಿ.
ಮೂವತ್ತೊಂದು ವರ್ಷ ಗುಲಾಬಿಯಲ್ಲಿ ಬರೆದೆನಲ್ಲ…"
ವಾಕ್ಯ ಅಲ್ಲಿಗೇ ನಿಂತಿತು.
ಕಿತ್ತ ಪಟ್ಟಿ ಸರಿಮಾಡಿಸಲು ಮಾಸ್ಕ್ ಬಿಟ್ಟು
ಆಜಾದ್ ಪಾರ್ಕಿನ ಕಡೆ ನಡೆದರು.

ಇಲಿಯಾಸ್ ಶಟರ್ ಅರ್ಧ ಇಳಿಸಿ ಮನೆಗೆ ಹೋದ ಮೇಲೆ
ಫ್ರೇಮು ತೊಳೆಯುವ ಟಬ್ಬಿಗೆ ಕಂಠದವರೆಗೆ ನೀರು ಬಿಟ್ಟು
ಪಟ್ಟಿಯಿಲ್ಲದ ಮಾಸ್ಕನ್ನು ಕೈಯಲ್ಲೇ ಒತ್ತಿಹಿಡಿದು
ಮುಖ ಮುಳುಗಿಸಿದೆ.
ನನ್ನದಲ್ಲದ ಪವರ್. ಎಲ್ಲವೂ ಮಸುಕು, ಎಲ್ಲವೂ ಪುಟ್ಟದು.
ತಳದಲ್ಲಿ ಏನೋ ಮಿನುಗಿತು,
ಒಂದಲ್ಲ, ಒಂದು ಹಿಂಡು.
ಗುರುತು ಹತ್ತಲು ಹೊತ್ತು ಹಿಡಿಯಿತು:
ವರ್ಷಗಳಿಂದ ಜಾರಿ ಬಿದ್ದ ತಿರುಪುಮೊಳೆಗಳು,
ನಡುವೆ ಒಂದು ಮೂಗಿನ ಮೆತ್ತೆ, ಒಳಗಿನ ಬೆಳಕು ಕಾಣುವಷ್ಟು ತೆಳು.

ಕೈ ಹಾಕಿದೆ. ಕದಡಿತು.
ಉಸಿರು ಮುಗಿಯುವವರೆಗೂ ಹಾಗೆಯೇ ಇದ್ದೆ,
ಮತ್ತೆ ಬರುತ್ತವೇನೋ ಎಂದು.